ಅಪ್ಪ ಸೀಯಿಸಿದ ಬೆಲ್ಲ

ಬೆಂಗಳೂರಿಗೆ ನಾನು ಜೀವಮಾನದಲ್ಲಿ ಹೋಗಿರುವುದು ಹೆಚ್ಚೆಂದರೆ ಹದಿನೈದು ಸಲ. ಅದರಲ್ಲಿ ಏಳು ಸಲ ಒಂದೇ ಸುಗ್ಗಿಯಲ್ಲಿ ಹೋದದ್ದು. ಬೆಳಗಿನ ರೈಲಿಗೆ ಹೋಗುವುದು, ಸಂಜೆ ರೈಲಿಗೆ ಪಾಂಡವಪುರ ಸ್ಟೇಷನ್ನಿನಲ್ಲಿ ಇಳಿಯುವುದು, ಅಷ್ಟೇ. ಆ ಊರಿನಲ್ಲಿ ನಾನು ಒಂದು ರಾತ್ರಿ ಮಲಗಿದವಳಲ್ಲ, ಒಂದು ಸಿನಿಮಾ ನೋಡಿದವಳಲ್ಲ. ಆದರೂ ಬೆಂಗಳೂರು ಎಂದ ಕೂಡಲೇ ನನ್ನ ತಲೆ ತಾನಾಗಿಯೇ ತಗ್ಗುತ್ತದೆ.

ಕಳೆದ ತಿಂಗಳು ನಮ್ಮ ಯಜಮಾನರ ಕಣ್ಣು ತೋರಿಸಲು ಹೋಗಿದ್ದೆವು. ಭಾನುವಾರವಾದ್ದರಿಂದ ರಸ್ತೆ ಖಾಲಿ ಇರುತ್ತದೆ ಎಂದುಕೊಂಡರೆ ಅದೂ ಸುಳ್ಳಾಯಿತು. ಆಟೋದವನು ಸಿಗ್ನಲ್ ತಪ್ಪಿಸಲು ಯಾವುದೋ ಅಡ್ಡರಸ್ತೆಗೆ ನುಗ್ಗಿಸಿದ. ತಲೆ ಎತ್ತಿ ನೋಡುತ್ತೇನೆ, ಅದೇ ಗೇಟು. ಅದೇ ಎತ್ತರದ ಮನೆಗಳ ಸಾಲು, ಒಳಗೆ ಅದೇ ಹುಲ್ಲುಹಾಸು, ಅದರ ಮೇಲೆ ಬಿಳಿ ಬಟ್ಟೆಯ ಕೊಡೆಗಳು, ಕೆಳಗೆ ಮೇಜುಗಳು. ಸಂತೆ ಇನ್ನೂ ನಡೆಯುತ್ತಿತ್ತು. ನಾನು ಸೆರಗನ್ನು ಮುಖಕ್ಕೆ ಎಳೆದುಕೊಂಡು ಆಟೋದಲ್ಲಿ ಬಗ್ಗಿ ಕುಳಿತುಬಿಟ್ಟೆ. ಅಲ್ಲಿ ನನ್ನನ್ನು ಗುರುತಿಸುವವರು ಯಾರೂ ಇರಲಿಲ್ಲ ಬಿಡಿ. ಯಜಮಾನರ ಕಣ್ಣಿಗೆ ಡಾಕ್ಟರು ಹನಿ ಹಾಕಿದ್ದರು, ಅವರಿಗೆ ಎದುರಿಗಿದ್ದ ಬಸ್ಸೇ ಕಾಣುತ್ತಿರಲಿಲ್ಲ. ಆದರೂ ಯಾಕೆ ಹಾಗೆ ಮುದುಡಿಕೊಂಡೆ ಎಂದು ಕೇಳಿದರು. ಧೂಳು ಎಂದೆ.

ಧೂಳಲ್ಲ. ಅದು ಏನೆಂದು ಇವತ್ತಾದರೂ ಬರೆದುಬಿಡುತ್ತೇನೆ.

ನನ್ನ ತವರು ಚಿನಕುರಳಿಯಿಂದ ಎರಡು ಮೈಲಿ ಒಳಗೆ. ಅಲ್ಲಿ ನಮ್ಮದೊಂದು ಸಣ್ಣ ಆಲೆಮನೆ ಇತ್ತು. ಅಣ್ಣ ಶಿವರಾಮ ಗಾಣ, ಆಳು, ಗಾಡಿ ಎಲ್ಲ ನೋಡಿಕೊಳ್ಳುತ್ತಿದ್ದ. ಪಾಕ ಮಾತ್ರ ಅಪ್ಪನದು. ಸುತ್ತಿನ ಊರುಗಳಲ್ಲಿ ಅಪ್ಪನನ್ನು ಬರೀ ನಿಂಗೇಗೌಡ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಪಾಕದ ನಿಂಗೇಗೌಡ ಎನ್ನಬೇಕಿತ್ತು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಬೆಂಡೆ ಗಿಡವನ್ನು ಜಜ್ಜಿ ಅದರ ಲೋಳೆ ಹಾಕುತ್ತಿದ್ದ. ಕೊಳೆಯೆಲ್ಲ ಮೇಲೆ ಬಂದು ಮಡ್ಡಿಯಾಗಿ ನಿಲ್ಲುತ್ತಿತ್ತು, ಅದನ್ನು ತೆಗೆದು ಎಸೆಯುತ್ತಿದ್ದ. ಆಮೇಲೆ ಕಾಯುವುದು. ಪಾಕ ಬರುವ ಹೊತ್ತಿಗೆ ಕೊಪ್ಪರಿಗೆಯ ಹತ್ತಿರ ಯಾರೂ ಮಾತಾಡುವಂತಿಲ್ಲ. ಅಪ್ಪ ಕೈಯನ್ನು ತಣ್ಣೀರಲ್ಲಿ ಅದ್ದಿ, ಪಾಕ ತಿರುವುವ ಹುಟ್ಟಿನ ತುದಿಯಿಂದ ಕುದಿಯುವ ಪಾಕವನ್ನು ಬೆರಳಲ್ಲೇ ಕಿತ್ತುಕೊಂಡು, ಮತ್ತೆ ನೀರಿಗೆ ಹಾಕಿ ಉಂಡೆ ಕಟ್ಟುತ್ತಿದ್ದ. ಆ ಉಂಡೆಯನ್ನು ಕೊಪ್ಪರಿಗೆಯ ಅಂಚಿಗೆ ಹೊಡೆದರೆ ಠಣ್ ಎನ್ನಬೇಕು. ಠಣ್ ಎಂದ ಕೂಡಲೇ ಇಳಿಸು ಎಂದು ಕೈ ಎತ್ತುತ್ತಿದ್ದ. ಒಂದು ಗಳಿಗೆ ಮುಂಚೆ ಇಳಿಸಿದರೆ ಬೆಲ್ಲ ನೀರು ಬಿಡುತ್ತದೆ, ಒಂದು ಗಳಿಗೆ ತಡವಾದರೆ ಸೀಯುತ್ತದೆ. ಐವತ್ತು ಸುಗ್ಗಿಯಲ್ಲಿ ಅಪ್ಪನ ಪಾಕ ಸೀದದ್ದನ್ನು ನೋಡಿದವರಿಲ್ಲ.

ಸುತ್ತ ಎಲ್ಲರೂ ಬೆಲ್ಲ ಬೆಳ್ಳಗಾಗಲೆಂದು ಅಂಗಡಿಯ ಬಿಳಿ ಪುಡಿ ಸುರಿಯುತ್ತಿದ್ದ ಕಾಲ ಅದು. ಅಪ್ಪ ಅದನ್ನು ಆಲೆಮನೆಯ ಹೊಸ್ತಿಲು ದಾಟಲು ಬಿಡಲಿಲ್ಲ. ನಮ್ಮ ಬೆಲ್ಲ ಬೆಳ್ಳಗೂ ಇರಲಿಲ್ಲ, ಕಪ್ಪಗೂ ಇರಲಿಲ್ಲ. ತುಡುವೆ ಜೇನಿನ ಬಣ್ಣ. ಮಂಡಿಯಲ್ಲಿ ಅದಕ್ಕೆ ಅಂಥ ಬೆಲೆ ಸಿಗುತ್ತಿರಲಿಲ್ಲ ಎಂದು ಅಣ್ಣ ಗೊಣಗುತ್ತಿದ್ದ, ಅಪ್ಪ ಕೇಳಿಸಿಕೊಳ್ಳುತ್ತಿರಲಿಲ್ಲ.

ಆ ವರ್ಷ ಮಳೆ ಚೆನ್ನಾಗಿ ಬಂದು ನಾಲೆ ತುಂಬಿ ಹರಿದಿತ್ತು. ದೀಪಾವಳಿ ಕಳೆದ ಮೇಲೆ ಗಾಣ ಕಟ್ಟಿದರು. ಒಂದು ದಿನ ನಾನು ಪಾಂಡವಪುರದಿಂದ ತವರಿಗೆ ಹೋಗಿದ್ದಾಗ, ಮೇಲುಕೋಟೆಗೆ ಹೊರಟಿದ್ದ ಬೆಂಗಳೂರಿನ ಕಾರೊಂದು ಕಬ್ಬಿನ ಹಾಲು ಕುಡಿಯಲು ಆಲೆಮನೆಯ ಮುಂದೆ ನಿಂತಿತು. ಇಳಿದಾಕೆ ತಮ್ಮ ಮನೆಗಳ ಅಂಗಳದಲ್ಲಿ ಹದಿನೈದು ದಿನಕ್ಕೊಮ್ಮೆ ಭಾನುವಾರದ ಸಂತೆ ನಡೆಸುವವರಂತೆ. ಬಿಸಿ ಬೆಲ್ಲ ಬಾಯಿಗೆ ಹಾಕಿಕೊಂಡವರೇ ಕಣ್ಣು ಮುಚ್ಚಿದರು. ನಮ್ಮಲ್ಲಿಗೆ ತಂದು ಮಾರಬಾರದೇ ಎಂದರು. ಅಪ್ಪ ನಕ್ಕ. ತರುತ್ತೇನೆ ಎಂದವಳು ನಾನು. ನನಗೆ ಆಗ ನಲವತ್ತೆರಡು. ಮಕ್ಕಳು ಹಾಸ್ಟೆಲ್ಲು ಸೇರಿದ್ದರು, ಯಜಮಾನರಿಗೆ ಶಾಲೆ. ನನಗೂ ಏನಾದರೂ ಮಾಡಿ ತೋರಿಸಬೇಕೆಂಬ ಚಪಲ. ನಮ್ಮ ಮಹಿಳಾ ಸಂಘದ ಮಂಜುಳಾ, ನನ್ನ ತವರೂರಿನವಳೇ, ತಾನೂ ಬರುತ್ತೇನೆ ಎಂದಳು. ಹೊರಟೆವು.

ಮೊದಲ ಭಾನುವಾರ ಮುಖಕ್ಕೆ ಮಂಗಳಾರತಿಯಾಯಿತು. ಮಾಗಿ ಚಳಿಯಲ್ಲಿ ನಡುಗುತ್ತಾ ರೈಲು ಹತ್ತಿ, ಕೆಂಗೇರಿಯಲ್ಲಿ ಇಳಿದು, ಚೀಲ ಹೊತ್ತು ಎರಡು ಬಸ್ಸು ಬದಲಾಯಿಸಿ ಹೋಗಿ ಮೇಜಿನ ಮೇಲೆ ಅಚ್ಚುಬೆಲ್ಲ ಜೋಡಿಸಿದರೆ, ಬಂದವರೆಲ್ಲ ಮೂಗು ಮುರಿದರು. ಬಣ್ಣ ಇಷ್ಟು ಹೊಳೆಯುತ್ತಿದೆಯಲ್ಲ, ಕೆಮಿಕಲ್ ಹಾಕಿದ್ದೀರಾ ಎಂದರು. ಇಲ್ಲ ತಾಯಿ, ಬೆಂಡೆ ಲೋಳೆ ಎಂದರೆ, ಒಳ್ಳೆ ಕಥೆ ಕಟ್ಟುತ್ತೀಯಮ್ಮ ಎಂಬಂತೆ ನೋಡಿದರು. ಪಕ್ಕದ ಮೇಜಿನಲ್ಲಿ ಗಡ್ಡದ ಯುವಕನೊಬ್ಬ ತಾಳೆಗರಿಯ ಬುಟ್ಟಿಯಲ್ಲಿ ಕರ್ರನೆಯ ಬೆಲ್ಲ ಇಟ್ಟಿದ್ದ. ನಾನು ಒಂದು ಚೂರು ಬಾಯಿಗೆ ಹಾಕಿ ನೋಡಿದೆ. ಶುದ್ಧ ಸೀದ ಬೆಲ್ಲ. ನಮ್ಮೂರಲ್ಲಾದರೆ ಎತ್ತಿಗೂ ಇಡುವುದಿಲ್ಲ. ಅವನದು ಹನ್ನೊಂದು ಗಂಟೆಗೇ ಖಾಲಿ. ನಾವು ಮುಕ್ಕಾಲು ಚೀಲ ಹೊತ್ತು ವಾಪಸ್ಸು ಬಂದೆವು. ರೈಲಿನಲ್ಲಿ ಮಂಜುಳಾ ಒಂದೇ ಸಮನೆ ಆ ಪೇಟೆಯವರನ್ನು ಬೈದಳು. ನಾನು ಬೈಯಲಿಲ್ಲ. ನನ್ನ ತಲೆ ಆಗಲೇ ಬೇರೆ ಲೆಕ್ಕದಲ್ಲಿತ್ತು.

ಮಾರನೆಯ ದಿನವೇ ಅಪ್ಪನ ಹತ್ತಿರ ಹೋಗಿ ಕೂತೆ. ಒಂದೇ ಒಂದು ಕೊಪ್ಪರಿಗೆಯನ್ನು ಸ್ವಲ್ಪ ತಡವಾಗಿ ಇಳಿಸಿಕೊಡು, ಕಪ್ಪಗೆ ಬರಲಿ ಎಂದೆ. ಅಪ್ಪ ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡ. ಅಲ್ಲವೆಂದು ಗೊತ್ತಾದ ಮೇಲೆ ಬೀಡಿ ಆರಿಸಿ ನನ್ನ ಮುಖ ನೋಡಿದ.

"ಬೆಲ್ಲ ಸೀಸಕ್ಕೆ ನನ್ ಕೈ ಯಾಕವ್ವ ಬೇಕು? ಒಲೆ ಒಂದಿದ್ರೆ ಸಾಕಲ್ವಾ" ಎಂದ.

ನಾನು ಬಿಡಲಿಲ್ಲ. ಚಿಕ್ಕಂದಿನಿಂದಲೂ ಅಪ್ಪನ ಹತ್ತಿರ ಹಠ ಹಿಡಿದು ಗೆದ್ದವಳು. ಅಲ್ಲಿ ಎಲ್ಲರ ಮುಂದೆ ನನಗಾದ ಅವಮಾನ ಹೇಳಿಕೊಂಡೆ, ಸ್ವಲ್ಪ ಅತ್ತೆ ಕೂಡ. ಕೊನೆಗೆ ಒಪ್ಪಿದ. ಆದರೆ ಒಲೆಯ ಹತ್ತಿರ ಬೇರೆ ಯಾರನ್ನೂ ನಿಲ್ಲಿಸಲಿಲ್ಲ. ಬೇರೆಯವರು ಸೀಯಿಸಿದರೆ ಕಹಿ ಬರುತ್ತದೆ, ಕಪ್ಪಾಗಬೇಕು ಕಹಿ ಬರಬಾರದು ಅಂದರೆ ಅದಕ್ಕೂ ಹದ ಇದೆ, ನಾನೇ ನೋಡುತ್ತೇನೆ ಎಂದ. ಉಂಡೆ ಠಣ್ ಎಂದ ಮೇಲೂ ಅಪ್ಪ ಕೈ ಎತ್ತದೆ ನಿಂತಿದ್ದ. ಆಳುಗಳು ಹುಟ್ಟು ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಲೆಮನೆಯ ತುಂಬಾ ಕಮಟು ಏರಿತು. ಅಪ್ಪ ಆಗ ಇಳಿಸಿ ಎಂದ, ನಾಲೆಯ ಕಡೆ ಮುಖ ಮಾಡಿಕೊಂಡು.

ಇಲ್ಲಿ ನಾನು ಇನ್ನೊಂದು ಕೆಲಸ ಮಾಡಿದೆ. ಇದು ನಾನು ಹೇಳಿ ಮಾಡಿಸಿದ್ದು ಅಂತ ಯಾರಿಗೂ ಹೇಳಬೇಡ ಎಂದು ಅಪ್ಪನಿಂದ ಮಾತು ತೆಗೆದುಕೊಂಡೆ. ಗೊತ್ತಾದರೆ ಊರಿನವರೆಲ್ಲ ಕಪ್ಪು ಬೆಲ್ಲ ಮಾಡಿಕೊಂಡು ನನ್ನ ಹಿಂದೆಯೇ ಬೆಂಗಳೂರಿಗೆ ಬಂದುಬಿಡುತ್ತಾರೆ ಎಂಬ ಭಯ. ಅಣ್ಣನಿಗೂ ಹೇಳಲಿಲ್ಲ. ಮಂಜುಳಾ ಕೇಳಿದ್ದಕ್ಕೆ ಯಾವುದೋ ಕೊಪ್ಪರಿಗೆ ಹೆಚ್ಚು ಕಾದುಬಿಟ್ಟಿತಂತೆ, ಅದನ್ನೇ ತಂದೆ ಎಂದೆ. ಅಪ್ಪ ಕೊಟ್ಟ ಮಾತು ಉಳಿಸಿಕೊಂಡ. ಹದಿನೈದು ದಿನಕ್ಕೊಂದು ಕೊಪ್ಪರಿಗೆ ಸೀಯುತ್ತಾ ಹೋಯಿತು, ಆಳುಗಳು ಮೊದಲು ಬೆರಗಾದರು, ಆಮೇಲೆ ಆಡಿಕೊಳ್ಳತೊಡಗಿದರು. ಗೌಡರಿಗೆ ನಿಂತಲ್ಲೇ ನಿದ್ದೆ ಹತ್ತಿತ್ತಾ ಎಂದು ಒಬ್ಬ ಕೇಳಿದನಂತೆ. ಅಪ್ಪ ಹೂಂ ಕಣ್ಲಾ ಎಂದನಂತೆ. ಅಣ್ಣ ಇದನ್ನು ನನಗೆ ಹೇಳಿ, ಅಪ್ಪನಿಗೆ ಕೈ ತಪ್ಪುತ್ತಿದೆ ಅನ್ನಿಸುತ್ತದೆ ಎಂದು ಬೇಸರಪಟ್ಟುಕೊಂಡ. ಆಗ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ವಯಸ್ಸಲ್ಲವಾ ಅಣ್ಣ ಎಂದೆ.

ಬೆಂಗಳೂರಿನಲ್ಲಿ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕಪ್ಪು ಬೆಲ್ಲಕ್ಕೆ ಮುಗಿಬಿದ್ದರು. ಮೂರನೇ ಭಾನುವಾರಕ್ಕೆ ನನಗಾಗಿ ಗೇಟಿನಲ್ಲೇ ಕಾಯುವವರಾದರು. ನಾನೂ ಮಾತು ಕಲಿತೆ. ನಮ್ಮ ತಂದೆಯವರು ಅಜ್ಜನ ಕಾಲದ ಪದ್ಧತಿ ಬಿಟ್ಟಿಲ್ಲ, ಮಣ್ಣಿನ ಸತ್ವ ಹಾಗೇ ಉಳಿದಿರುವುದಕ್ಕೇ ಈ ಬಣ್ಣ ಎಂದು ಸರಾಗವಾಗಿ ಹೇಳುತ್ತಿದ್ದೆ. ಕೇಳಿದ ಮಂಜುಳಾ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಎಲ್ಲರಿಗಿಂತ ನನ್ನನ್ನು ಹಚ್ಚಿಕೊಂಡವರು ದಪ್ಪ ಕನ್ನಡಕದ ಒಬ್ಬ ಮೇಡಂ. ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ತಾವು ಕೊಳ್ಳುವುದಲ್ಲದೆ ಗೆಳತಿಯರನ್ನೂ ಕರೆತರುತ್ತಿದ್ದರು. ನನ್ನ ಕೈ ಹಿಡಿದು, ನಿಮ್ಮಂಥವರು ಇರುವುದರಿಂದ ನಾವು ಒಳ್ಳೆಯದು ತಿನ್ನುತ್ತಿದ್ದೇವೆ ಎಂದಿದ್ದರು. ಆ ಮಾತಿಗೆ ನಾನು ನಾಚಿಕೊಂಡು ನಕ್ಕಿದ್ದೆ. ಆ ನಗು ನೆನಪಾದರೆ ಈಗ ಮೈಯೆಲ್ಲ ಮುಳ್ಳಾಗುತ್ತದೆ.

ಸಂಕ್ರಾಂತಿ ಆದ ಮೇಲೆ ಅಪ್ಪ ತಾನೂ ಬರುತ್ತೇನೆ ಎಂದ. ತನ್ನ ಬೆಲ್ಲ ತಿನ್ನುವವರನ್ನು ಒಂದು ಸಲ ಕಣ್ಣಾರೆ ನೋಡಬೇಕಂತೆ. ನನಗೆ ಒಳಗೊಳಗೇ ಅಳುಕು, ಆದರೆ ಬೇಡ ಎನ್ನಲು ಯಾವ ನೆಪವೂ ಇರಲಿಲ್ಲ. ಬಿಳಿ ಅಂಗಿ, ಇಸ್ತ್ರಿ ಮಾಡಿದ ಪಂಚೆ, ಹೆಗಲ ಮೇಲೆ ಹೊಸ ಟವೆಲ್ಲು. ಒಂದು ಕೈಚೀಲವನ್ನು ಮಾತ್ರ ತಾನೇ ಹಿಡಿದುಕೊಂಡಿದ್ದ, ನಮಗೆ ಮುಟ್ಟಲು ಕೊಡಲಿಲ್ಲ. ರೈಲಿನ ಕಿಟಕಿಯಲ್ಲಿ ಮದ್ದೂರು ದಾಟುವವರೆಗೂ ಕಬ್ಬಿನ ಗದ್ದೆಗಳನ್ನು ನೋಡಿ ಯಾವುದು ಕಡಿಯುವ ಹದಕ್ಕೆ ಬಂದಿದೆ, ಯಾವುದು ಇನ್ನೂ ಎಳಸು ಎಂದು ಹೇಳುತ್ತಾ ಬಂದ.

ಸಂತೆಯಲ್ಲಿ ಮೊದಲ ಒಂದು ಗಂಟೆ ಅಪ್ಪನದೇ ದರ್ಬಾರು. ನಾನು ಹೆಮ್ಮೆಯಿಂದ ಎಲ್ಲರಿಗೂ ಇವರೇ ನಮ್ಮ ತಂದೆ ಎಂದು ಪರಿಚಯಿಸಿದೆ. ಜನ ಸುತ್ತ ನಿಂತು ಪಾಕ ಹೇಗೆ ನೋಡುತ್ತೀರಿ ಎಂದು ಕೇಳಿದರು. ಅಪ್ಪ ಕಲೆಗಟ್ಟಿದ ಬೆರಳುಗಳನ್ನು ಬಿಡಿಸಿ ತೋರಿಸಿದ. ಸುಡುವುದಿಲ್ಲವೇ ಎಂದರೆ, ಹೆದರಿದರೆ ಸುಡುತ್ತದೆ ಎಂದ. ಎಲ್ಲರೂ ನಕ್ಕರು. ಯಾರೋ ಫೋಟೋ ತೆಗೆದರು.

ಕನ್ನಡಕದ ಮೇಡಂ ಮೂವರು ಗೆಳತಿಯರೊಂದಿಗೆ ಬಂದರು. ಅಪ್ಪನಿಗೆ ಕೈ ಮುಗಿದರು. ಗೆಳತಿಯರ ಕಡೆ ತಿರುಗಿ, ನೋಡಿ ಈ ಕಪ್ಪು, ಇದೇ ಅಸಲಿ ಬೆಲ್ಲದ ಬಣ್ಣ, ನನ್ನ ಮಗಳು ಈಗ ಬಸುರಿ, ಅವಳಿಗೆ ದಿನಾ ಇದನ್ನೇ ಕೊಡುತ್ತಿದ್ದೇನೆ ಎಂದರು. ಅಪ್ಪ ಇದನ್ನು ಕೇಳಿಸಿಕೊಂಡ. ನಗುತ್ತಿದ್ದ ಮುಖ ಇಳಿಯಿತು. ಮೇಜಿನ ಮೇಲಿನ ಒಂದು ಅಚ್ಚನ್ನು ಎತ್ತಿ, ಮುರಿದು, ಮೂಸಿ ನೋಡಿ ಕೆಳಗಿಟ್ಟ.

"ಇದ ತಗಬ್ಯಾಡ್ರವ್ವ" ಎಂದ. "ಇದು ಸೀದಿರೋದು. ಬಸುರಿ ಹೆಂಗ್ಸಿಗೆ ಯಾಕೆ ಕೊಟ್ಟೀರಿ. ಕಪ್ಪುಗೇ ಬೇಕು ಅಂದ್ರಂತಲ್ಲ ನೀವು, ಅದಕ್ಕೆ ಸೀಸಿದ್ದು. ನಾನು ಒಳ್ಳೇದು ತಂದಿವ್ನಿ, ತಡೀರಿ."

ಬಗ್ಗಿ ಆ ಕೈಚೀಲ ತೆಗೆದ. ಅದರೊಳಗೆ ಬಾಳೆಲೆ ಸುತ್ತಿದ ಆರೇಳು ಅಚ್ಚು, ಜೇನಿನ ಬಣ್ಣದ್ದು. ಮಾರಲು ತಂದದ್ದಲ್ಲ, ತಿನ್ನುವವರಿಗೆ ಸುಮ್ಮನೆ ಕೊಡಲು ತಂದದ್ದು.

ಸುತ್ತ ನಿಂತವರೆಲ್ಲ ಅಪ್ಪನನ್ನು ಬಿಟ್ಟು ನನ್ನನ್ನು ನೋಡಿದರು. ಮೇಡಂ ಕನ್ನಡಕ ತೆಗೆದು, ಏನಮ್ಮ ಇದು ಎಂದರು. ಸಂತೆ ನಡೆಸುವಾಕೆಯೂ ಆ ಕಡೆಯಿಂದ ಬರುತ್ತಿದ್ದರು. ಯೋಚನೆ ಮಾಡಿದೆ ಎಂದು ಹೇಳಲಾರೆ. ಯೋಚನೆ ಮಾಡುವಷ್ಟು ಹೊತ್ತೂ ಆಗಲಿಲ್ಲ.

"ಬೇಜಾರು ಮಾಡ್ಕೋಬೇಡಿ ಮೇಡಂ" ಎಂದೆ. "ಅಪ್ಪನಿಗೆ ಈಚೀಚೆಗೆ ಅರುಳುಮರುಳು. ಏನೇನೋ ಹೇಳ್ತಾರೆ. ಮನೇಲಿ ಬಿಟ್ಟು ಬರೋಕಾಗಲ್ಲ ಅಂತ ಕರ್ಕೊಂಡು ಬಂದೆ."

ಬಾಳೆಲೆ ಬಿಚ್ಚುತ್ತಿದ್ದ ಅಪ್ಪನ ಕೈ ನಿಂತಿತು. ನನ್ನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿದ್ದರೆ ನಾನು ಇಷ್ಟು ವರ್ಷ ಹೀಗೆ ಬೇಯುತ್ತಿರಲಿಲ್ಲ. ಲೆಕ್ಕ ಹಾಕುವವನ ಹಾಗೆ ನೋಡಿದ, ಅಷ್ಟೇ. ಆಮೇಲೆ ಆ ಬೆಲ್ಲವನ್ನು ಮತ್ತೆ ಎಲೆಯೊಳಗೆ ಮುಚ್ಚಿದ.

"ಊಂ ಕಣ್ರವ್ವ" ಎಂದ ಮೇಡಂಗೆ. "ವಯಸ್ಸಾಯ್ತು. ಬಾಯಿಗೆ ಬಂದದ್ದು ಆಡ್ಬುಡ್ತೀನಿ."

ನನ್ನ ಸುಳ್ಳಿಗೆ ಅಪ್ಪನೇ ಸಾಕ್ಷಿ ಹೇಳಿದ. ಎಲ್ಲರ ಮುಖವೂ ಒಮ್ಮೆಲೇ ಕರಗಿತು. ಅಯ್ಯೋ ಪಾಪ ಎಂದರು. ಐದು ನಿಮಿಷದ ಹಿಂದೆ ಗೌಡರೇ ಎನ್ನುತ್ತಿದ್ದವರು ತಾತ ಎಂದು ಕರೆಯತೊಡಗಿದರು. ಕಿವಿ ಚೆನ್ನಾಗಿದ್ದ ಅಪ್ಪನ ಕಿವಿಯ ಹತ್ತಿರ ಬಗ್ಗಿ, ಊಟ ಆಯ್ತಾ ತಾತಾ ಎಂದು ಒಂದೊಂದೇ ಅಕ್ಷರ ಜೋರಾಗಿ ಕೇಳಿದರು. ನೆರಳಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿ, ಕೈಗೆ ಜ್ಯೂಸಿನ ಡಬ್ಬಿ ಕೊಟ್ಟು, ಸ್ಟ್ರಾ ಬಾಯಿಗೇ ಇಟ್ಟರು. ಅಪ್ಪ ಕೊಟ್ಟದ್ದನ್ನೆಲ್ಲ ಕುಡಿದು, ಕೂರಿಸಿದಲ್ಲೇ ಮೂರು ಗಂಟೆಯವರೆಗೆ ಕೂತಿದ್ದ. ಕೈಚೀಲ ತೊಡೆಯ ಮೇಲೇ ಇತ್ತು. ನಾನು ಅವತ್ತು ತಂದ ಅಷ್ಟೂ ಕಪ್ಪು ಬೆಲ್ಲ ಮಾರಿದೆ. ಹೌದು, ಮಾರಿದೆ. ಮೇಡಂ ಕೂಡ ಕೊಂಡರು, ಮಗಳಿಗೆಂದು. ಇದನ್ನು ಬರೆಯುವಾಗ ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸುತ್ತದೆ.

ರೈಲಿನಲ್ಲಿ ಮಂಜುಳಾ ನನ್ನ ಕಿವಿಯಲ್ಲಿ, ಹೌದಾ ಅಕ್ಕ, ನಂಗೆ ಗೊತ್ತೇ ಇರಲಿಲ್ಲ, ಅದಕ್ಕೇ ಪಾಕ ಸೀಯ್ತಾ ಇರೋದು ಎಂದು ಮರುಗಿದಳು. ಅವಳಿಗೆ ನಿಜ ಹೇಳಬೇಕೆಂದರೆ ಮೊದಲಿಂದ ಹೇಳಬೇಕಿತ್ತು. ಕಿಟಕಿಯ ಕಡೆ ತಿರುಗಿಕೊಂಡೆ.

ಮಾರನೆಯ ಬೆಳಿಗ್ಗೆ ಅಣ್ಣನ ಫೋನು ಬಂತು. ಅಪ್ಪ ಆಲೆಮನೆಗೆ ಹೋಗಿಲ್ಲವಂತೆ. ಜ್ವರವಿಲ್ಲ, ನೋವಿಲ್ಲ, ಜಗುಲಿಯಲ್ಲಿ ಕೂತಿದ್ದಾನಂತೆ. ಕೊಪ್ಪರಿಗೆ ಕುದಿಯುತ್ತಿದೆ, ಬಾ ಎಂದರೆ ಬರುವುದಿಲ್ಲ ಎನ್ನುತ್ತಾನಂತೆ. ಬುದ್ಧಿ ನೆಟ್ಟಗಿಲ್ಲದವನು ಕೊಪ್ಪರಿಗೆಯ ಹತ್ತಿರ ನಿಲ್ಲಬಾರದು ಎಂಬುದು ಆಲೆಮನೆಯ ಕಟ್ಟಳೆ. ಕುಡಿದವನನ್ನು, ಜ್ವರದವನನ್ನು, ಮನೆಯಲ್ಲಿ ಜಗಳ ಆಡಿ ಬಂದವನನ್ನು ಕೂಡ ಅಪ್ಪ ಪಾಕದ ಹೊತ್ತಿಗೆ ಆಚೆ ಕಳಿಸುತ್ತಿದ್ದ. ಕೊಪ್ಪರಿಗೆಗೆ ಬಿದ್ದವರು ಉಳಿಯುವುದಿಲ್ಲ. ಆ ಕಟ್ಟಳೆಯನ್ನೇ ಈಗ ತನಗೆ ಹಾಕಿಕೊಂಡಿದ್ದ. ಯಾಕಪ್ಪ ಹೀಗೆ ಅಂತೀಯ ಎಂದು ಅಣ್ಣ ಕೇಳಿದ್ದಕ್ಕೆ, ನಿನ್ನ ತಂಗಿ ಕಂಡುಹಿಡಿದಳು ಎಂದನಂತೆ.

ಚಿನಕುರಳಿ ಬಸ್ಸು ಇಳಿದು ಓಡುತ್ತಲೇ ಹೋದೆ. ಅಪ್ಪ ಜಗುಲಿಯ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದ. ಕಾಲ ಹತ್ತಿರ ಕೂತು, ನಾನು ಸುಳ್ಳು ಹೇಳಿದ್ದು, ಮಾನ ಹೋಗುತ್ತದೆ ಅಂತ ಹೆದರಿ ಅಂದದ್ದು, ನಿನಗೆ ಏನೂ ಆಗಿಲ್ಲ, ಏಳು ಎಂದು ಅತ್ತೆ. ಈ ಸಲದ ಅಳು ನಾಟಕದ್ದಲ್ಲ. ಅಪ್ಪ ನನ್ನ ತಲೆಯ ಮೇಲೆ ಕೈ ಇಟ್ಟ.

"ಸುಳ್ಳು ಅಂತ ನಂಗೂ ಗೊತ್ತು ಕಣವ್ವ" ಎಂದ. "ಆದ್ರೆ ನಿನ್ ಬಾಯಿಗೆ ಅಷ್ಟು ಬಿರ್ನೆ ಬಂತಲ್ಲ. ಎಲ್ಲೋ ಒಳ್ಗೆ ಅನ್ನಿಸಿರ್ದೆ ಅಂಗೆ ಬರಕಿಲ್ಲ. ನಂಗೇ ತಿಳೀದಂಗೆ ಆಗಿರ್ಬೌದು. ಆದೋರಿಗೆ ಅದು ಗೊತ್ತಾಯ್ತದಾ?"

ಇಲ್ಲ ಎಂದೆ, ಆಣೆ ಇಟ್ಟೆ, ಅಣ್ಣನಿಗೆ ಕಪ್ಪು ಬೆಲ್ಲದ ಕಥೆಯೆಲ್ಲ ಬಿಚ್ಚಿ ಹೇಳಿದೆ. ಅಣ್ಣ ಎದ್ದು ಹೋದ, ಆ ಸುಗ್ಗಿ ಮುಗಿಯುವವರೆಗೂ ನನ್ನೊಡನೆ ಮಾತು ಬಿಟ್ಟಿದ್ದ. ಊರಿಗೆ ಹೇಳಹೊರಟರೆ ಯಾರೂ ನಂಬಲಿಲ್ಲ. ಮಂಜುಳಾ ಎರಡು ದಿನದಲ್ಲಿ ನೀರಿನ ಟ್ಯಾಂಕಿನಿಂದ ಡೇರಿಯವರೆಗೆ ಸುದ್ದಿ ಮುಟ್ಟಿಸಿದ್ದಳು. ಪಾಕ ಸೀದದ್ದನ್ನು ಆಳುಗಳು ಕಣ್ಣಾರೆ ನೋಡಿದ್ದರು. ಹೂಂ ಕಣ್ಲಾ ಎಂದು ಅಪ್ಪನೇ ಒಪ್ಪಿಕೊಂಡಿದ್ದ. ಇನ್ನು ನಾನು ಇಲ್ಲ ಎಂದರೆ, ಹೆತ್ತ ಮಗಳಲ್ಲವಾ, ಮುಚ್ಚಿಡುತ್ತಾಳೆ ಎಂದುಕೊಂಡರು. ಡೇರಿಯಲ್ಲಿ ಅಪ್ಪ ಹಾಲಿನ ಕ್ಯಾನು ಇಟ್ಟರೆ, ಗೌಡ್ರೆ ನಿಮ್ಮ ಕ್ಯಾನು ಯಾವುದು ಗೊತ್ತಾಯ್ತದಾ ಎಂದು ಕೇಳುವವರಾದರು. ನಾಲೆ ಏರಿಯ ಮೇಲೆ ಒಬ್ಬನೇ ಹೋದರೆ ಯಾರಾದರೂ ಕೈ ಹಿಡಿದು ಮನೆಗೆ ತಂದು ಬಿಡುತ್ತಿದ್ದರು. ಅಪ್ಪ ಕೈ ಕೊಡುತ್ತಿದ್ದ, ಬರುತ್ತಿದ್ದ.

ಏಳನೇ ಸಲ ಬೆಂಗಳೂರಿಗೆ ಹೋದದ್ದು ಇಷ್ಟೆಲ್ಲ ಆದ ಮೇಲೆ. ಮೇಡಂಗೆ ನಿಜ ಹೇಳಿ ಬರಬೇಕೆಂದು ಹೋದೆ, ಬೆಲ್ಲ ಒಯ್ಯಲಿಲ್ಲ. ರೈಲಿನುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅವರು ನನ್ನನ್ನು ಕಂಡ ಕೂಡಲೇ ತಾವೇ ಬಂದು ತಬ್ಬಿಕೊಂಡರು. ತಂದೆ ಹೇಗಿದ್ದಾರೆ ಎಂದು ಕೇಳಿದರು. ನಮ್ಮ ಅಮ್ಮನಿಗೂ ಹೀಗೇ ಆಗಿತ್ತು, ನನ್ನನ್ನೇ ಗುರುತು ಹಿಡಿಯುತ್ತಿರಲಿಲ್ಲ ಎಂದು ಕಣ್ಣು ಒರೆಸಿಕೊಂಡರು. ಮರೆವಿನ ಕಾಯಿಲೆ ನೋಡುವ ಡಾಕ್ಟರೊಬ್ಬರ ಹೆಸರು ಬರೆದ ಚೀಟಿಯನ್ನು ಪರ್ಸಿನಲ್ಲಿ ಎರಡು ವಾರದಿಂದ ನನಗಾಗಿಯೇ ಇಟ್ಟುಕೊಂಡಿದ್ದರಂತೆ, ತೆಗೆದು ಕೊಟ್ಟರು. ನಾನು ಆ ಚೀಟಿ ಇಸಿದುಕೊಂಡೆ. ಥ್ಯಾಂಕ್ಸ್ ಮೇಡಂ ಎಂದೆ. ಸುಳ್ಳು ಅಷ್ಟು ಬಿರ್ರನೆ ಬಂದ ಬಾಯಿಗೆ ನಿಜ ಬರಲೇ ಇಲ್ಲ. ಮಧ್ಯಾಹ್ನದ ರೈಲಿಗೇ ಹೊರಟುಬಂದೆ, ಮತ್ತೆ ಆ ಸಂತೆಗೆ ಹೋಗಲಿಲ್ಲ.

ಆಲೆಮನೆಗೆ ಅಣ್ಣ ಕೂಲಿಯ ಪಾಕದವನನ್ನು ತಂದ. ಅವನು ಬಿಳಿ ಪುಡಿ ಇಲ್ಲದೆ ಕೆಲಸಕ್ಕೇ ನಿಲ್ಲುವವನಲ್ಲ. ಎರಡು ಸುಗ್ಗಿಯ ನಂತರ ಅಣ್ಣ ಗಾಣ ಬಿಚ್ಚಿಸಿ, ಕಬ್ಬನ್ನು ಕಾರ್ಖಾನೆಗೆ ಹೊಡೆಯತೊಡಗಿದ. ಕೊಪ್ಪರಿಗೆ ಕೊಟ್ಟಿಗೆಯ ಹಿಂದೆ ಬೋರಲು ಬಿದ್ದಿದೆ.

ಅಪ್ಪನಿಗೆ ಈಗ ಎಂಬತ್ತರ ಮೇಲೆ. ತಿಂಗಳಲ್ಲಿ ಹತ್ತು ದಿನ ನನ್ನ ಮನೆಗೆ ಬಂದಿರುತ್ತಾನೆ. ಬುದ್ಧಿ ಈಗಲೂ ಕನ್ನಡಿಯಷ್ಟು ನಿಚ್ಚಳ. ನಮ್ಮ ಬೀದಿಯ ಅಷ್ಟೂ ಮನೆಯವರ ಹೆಸರು ಹೇಳುತ್ತಾನೆ, ಯಜಮಾನರ ಮಾತ್ರೆಯ ಹೊತ್ತು ನೆನಪಿಸುವವನೂ ಅವನೇ. ಆದರೆ ಯಾವ ಕೆಲಸಕ್ಕೂ ತಾನಾಗಿ ಕೈ ಹಾಕುವುದಿಲ್ಲ. ಫ್ಯಾನು ಹಾಕಲೂ ಕೇಳುತ್ತಾನೆ.

ಕಳೆದ ತಿಂಗಳು ಕಣ್ಣು ತೋರಿಸಿಕೊಂಡು ಬೆಂಗಳೂರಿನಿಂದ ಬಂದ ವಾರದಲ್ಲೇ ಒಂದು ದಿನ ಮಗನಿಗೆ ಕಳಿಸಲು ಕಡಲೆಬೀಜದ ಉಂಡೆ ಮಾಡುತ್ತಿದ್ದೆ. ಬೆಲ್ಲ ಒಲೆಯ ಮೇಲಿತ್ತು. ಗೇಟಿನಲ್ಲಿ ಪಕ್ಕದ ಮನೆಯವರು ಕರೆದರು, ಹೋದವಳು ಮಾತಿಗೆ ನಿಂತುಬಿಟ್ಟೆ. ಅಡುಗೆಮನೆಯಲ್ಲಿ ಅಪ್ಪ ಇದ್ದ, ನೀರು ಕುಡಿಯಲು ಹೋಗಿದ್ದನಂತೆ. ಒಳಗಿನಿಂದ ಒಂದು ಸಲ ಜಯಾ ಎಂದು ಕರೆದದ್ದು ಕೇಳಿಸಿತು. ಬಂದೆ ಎಂದು ಇನ್ನೂ ಎರಡು ಮಾತು ಆಡಿದೆ. ಒಳಗೆ ಬಂದರೆ ಮನೆಯೆಲ್ಲ ಹೊಗೆ. ಅಪ್ಪ ಒಲೆಯ ಮುಂದೆಯೇ ನಿಂತಿದ್ದ. ಮಸಿಬಟ್ಟೆ ಕೈಯಲ್ಲೇ ಇತ್ತು. ಕಣ್ಣು ಪಾತ್ರೆಯ ಮೇಲೆಯೇ ಇತ್ತು. ಪಾಕ ಯಾವ ಗಳಿಗೆಯಲ್ಲಿ ಬಂತು, ಯಾವ ಗಳಿಗೆಯಲ್ಲಿ ದಾಟಿತು ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಈ ತಾಲ್ಲೂಕಿನಲ್ಲಿ ಇಲ್ಲ. ಅಷ್ಟನ್ನೂ ನೋಡುತ್ತಾ ನಿಂತಿದ್ದಾನೆ.

ಇಳಿಸಬಾರದಿತ್ತೇ ಅಪ್ಪ ಎಂದೆ, ಒಲೆ ಆರಿಸುತ್ತಾ.

ಅಪ್ಪ ಮಸಿಬಟ್ಟೆಯನ್ನು ಮಡಿಸಿ ಕಟ್ಟೆಯ ಮೇಲಿಟ್ಟ.

"ಆಗ್ಲೇ ಬಂದಿತ್ತು ಅಂತ ನಂಗೆ ಅನ್ನಿಸ್ತು ಕಣವ್ವ" ಎಂದ. "ಅನ್ನಿಸಿದ್ದು ಸರಿಯಾ ಅಂತ ನಿನ್ನ ಕೇಳಾನ ಅಂತ ಕಾಯ್ತಿದ್ದೆ."